ಫುಟ್‌ಬಾಲ್ ಕ್ಲಬ್ಬು ದಿವಾಳಿ ಎದ್ದರೆ ಯಾರ ಬಾಕಿ ಮೊದಲು?

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಪೋರ್ಟ್ಸ್‌ಮತ್ ಒಂದು ಹಳೆಯ ಬಂದರು ನಗರ. ಅಲ್ಲಿನ ಫುಟ್‌ಬಾಲ್ ಕ್ಲಬ್ಬು 2008ರಲ್ಲಿ ಆ ದೇಶದ ಪ್ರತಿಷ್ಠಿತ ಎಫ್.ಎ. ಕಪ್ ಪ್ರಶಸ್ತಿಯನ್ನು ಗೆದ್ದಿತು. ಎರಡೇ ವರ್ಷಗಳಲ್ಲಿ, 2010ರ ಫೆಬ್ರವರಿಯಲ್ಲಿ, ಅದೇ ಕ್ಲಬ್ಬು ಸಾಲ ತೀರಿಸಲಾಗದೆ ದಿವಾಳಿ ಕಾನೂನಿನನ್ವಯ ಆಡಳಿತಾಧಿಕಾರಿಗಳ ವಶವಾಯಿತು. ಇಂಗ್ಲೆಂಡಿನ ಅತ್ಯುನ್ನತ ಶ್ರೇಣಿಯಾದ ಪ್ರೀಮಿಯರ್ ಲೀಗ್‌ನಲ್ಲಿ ಆಡುತ್ತಿರುವಾಗಲೇ ಈ ಗತಿಗೆ ಬಂದ ಮೊದಲ ಕ್ಲಬ್ಬು ಅದು. ಆಡಳಿತಾಧಿಕಾರಿಗಳು ಲೆಕ್ಕ ಹಾಕಿದಾಗ ಬಾಕಿಯ ಮೊತ್ತ ಸುಮಾರು 12 ಕೋಟಿ ಪೌಂಡ್ ಎಂದು ತಿಳಿದುಬಂದಿತು. ಆ ಬಾಕಿಯ ಪಟ್ಟಿಯಲ್ಲಿ ಬೇರೆ ಕ್ಲಬ್ಬುಗಳಿದ್ದವು, ಆಟಗಾರರ ದಲ್ಲಾಳಿಗಳಿದ್ದರು, ತೆರಿಗೆ ಇಲಾಖೆಯಿತ್ತು, ಊರಿನ ಸಣ್ಣಪುಟ್ಟ ಸರಬರಾಜುದಾರರಿದ್ದರು. ಕ್ರೀಡಾಂಗಣದಲ್ಲಿ ಪ್ರಥಮ ಚಿಕಿತ್ಸೆ ನೀಡುವ ಸೇವಾಸಂಸ್ಥೆಯಾದ ಸೇಂಟ್ ಜಾನ್ ಆಂಬುಲೆನ್ಸ್ ಕೂಡ ಇತ್ತು.

ವ್ಯಾಪಾರಸ್ಥರ ದೃಷ್ಟಿಯಿಂದ ನೋಡಿದರೆ ಮುಖ್ಯವಾದ ಸಂಗತಿ ಇನ್ನು ಮುಂದಿನದು. ಆಟಗಾರರ ಸಂಬಳದ ಬಾಕಿ ಮತ್ತು ಇತರ ಕ್ಲಬ್ಬುಗಳಿಗೆ ಸಲ್ಲಬೇಕಾದ ಹಣ ಪೂರ್ಣವಾಗಿ ಪಾವತಿಯಾಗಬೇಕು ಎಂಬುದು ಲೀಗಿನ ನಿಯಮ. ಉಳಿದ ಭದ್ರತೆಯಿಲ್ಲದ ಸಾಲದಾತರ ಮುಂದಿಟ್ಟ ಒಪ್ಪಂದವೆಂದರೆ ಪೌಂಡಿಗೆ 20 ಪೆನ್ನಿ, ಅದೂ ಕಂತುಗಳಲ್ಲಿ. ಒಂದೇ ಪಟ್ಟಿಯಲ್ಲಿರುವ, ಒಂದೇ ಬಗೆಯ ಭದ್ರತೆಯಿಲ್ಲದ ಇಬ್ಬರು ಸಾಲದಾತರಲ್ಲಿ ಒಬ್ಬನಿಗೆ ರೂಪಾಯಿಗೆ ಹದಿನಾರಾಣೆ, ಇನ್ನೊಬ್ಬನಿಗೆ ಮೂರಾಣೆ ಚಿಲ್ಲರೆ. ದಿವಾಳಿ ಕಾನೂನಿನ ಮೂಲತತ್ತ್ವವೇ ಸಮಾನ ದರ್ಜೆಯವರಿಗೆ ಸಮಾನ ಪಾಲು ಎಂಬುದಾಗಿರುವಾಗ ಇದು ಹೇಗೆ ಸಾಧ್ಯವಾಯಿತು? ಇದನ್ನು ತಿಳಿಯಲು ಮೊದಲು ಈ ಉದ್ಯಮದ ಆಯವ್ಯಯದ ರಚನೆಯನ್ನು ನೋಡಬೇಕಾಗುತ್ತದೆ.

ಆದಾಯ ಮೈದಾನದಲ್ಲಿ, ವೆಚ್ಚ ಕರಾರಿನಲ್ಲಿ

ಇಂಗ್ಲೆಂಡಿನ ವೃತ್ತಿಪರ ಫುಟ್‌ಬಾಲ್ ನಾಲ್ಕು ಶ್ರೇಣಿಗಳ ಏಣಿ. ಮೇಲಿನ ಪ್ರೀಮಿಯರ್ ಲೀಗ್‌ನಲ್ಲಿ 20 ಕ್ಲಬ್ಬುಗಳು, ಕೆಳಗಿನ ಮೂರು ಶ್ರೇಣಿಗಳಲ್ಲಿ ತಲಾ 24, ಒಟ್ಟು 92. ಪ್ರತಿ ವರ್ಷ ಪ್ರೀಮಿಯರ್ ಲೀಗ್‌ನ ಕೊನೆಯ ಮೂರು ಕ್ಲಬ್ಬುಗಳು ಕೆಳಕ್ಕಿಳಿದು, ಕೆಳಗಿನ ಶ್ರೇಣಿಯಿಂದ ಮೂರು ಮೇಲೇರುತ್ತವೆ. ಕ್ಲಬ್ಬಿನ ಆದಾಯಕ್ಕೆ ಮೂರು ಮೂಲಗಳು: ಟಿಕೆಟ್ ಮಾರಾಟ, ಪ್ರಾಯೋಜಕತ್ವ ಮೊದಲಾದ ವಾಣಿಜ್ಯ ಗಳಿಕೆ ಮತ್ತು ದೂರದರ್ಶನ ಪ್ರಸಾರದ ಹಕ್ಕು. ಮೂರನೆಯದೇ ಇಂದು ಬಹುತೇಕ ಕ್ಲಬ್ಬುಗಳ ಪಾಲಿಗೆ ದೊಡ್ಡದು. ಕ್ಲಬ್ಬು ಯಾವ ಶ್ರೇಣಿಯಲ್ಲಿದೆ, ಎಷ್ಟನೆಯ ಸ್ಥಾನ ಗಳಿಸಿದೆ, ಯೂರೋಪಿನ ಚಾಂಪಿಯನ್ಸ್ ಲೀಗ್‌ಗೆ ಅರ್ಹತೆ ಪಡೆದಿದೆಯೇ ಎಂಬುದರ ಮೇಲೆ ಅದು ನಿರ್ಧಾರವಾಗುತ್ತದೆ.

ವೆಚ್ಚದ ಕಡೆ ಸ್ಥಿತಿ ತದ್ವಿರುದ್ಧ. ಆಟಗಾರರೊಡನೆ ಮಾಡಿಕೊಂಡ ಕರಾರುಗಳು ಮೂರು, ನಾಲ್ಕು, ಐದು ವರ್ಷಗಳವು. ತಂಡ ಸೋತರೂ ಸಂಬಳ ನಿಲ್ಲುವುದಿಲ್ಲ. ಮಳೆ ಕೈಕೊಟ್ಟ ವರ್ಷ ಸಕ್ಕರೆ ಕಾರ್ಖಾನೆಗೆ ಕಬ್ಬು ಕಡಿಮೆ ಬರಬಹುದು; ಮುಂದಿನ ಹಂಗಾಮಿನಲ್ಲಿ ಅದೇ ಮಾರುಕಟ್ಟೆಗೆ ಮರಳಬಹುದು. ಶ್ರೇಣಿಯಿಂದ ಕೆಳಗಿಳಿದ ಕ್ಲಬ್ಬಿನ ಸ್ಥಿತಿ ಹಾಗಲ್ಲ, ಅದರ ಮಾರುಕಟ್ಟೆಯೇ ಮರುದಿನದಿಂದ ಸಣ್ಣದಾಗುತ್ತದೆ. ಈ ಆಘಾತವನ್ನು ತಗ್ಗಿಸಲು ಕೆಳಗಿಳಿದ ಕ್ಲಬ್ಬುಗಳಿಗೆ ಕೆಲವು ವರ್ಷ 'ಪ್ಯಾರಾಚೂಟ್' ಪಾವತಿ ಎಂಬ ಪರಿಹಾರವನ್ನು ಕೊಡುವ ಪದ್ಧತಿಯಿದೆ.

ಆದಾಯವನ್ನು ಅತಿಯಾಗಿ ನೆಚ್ಚಿದರೆ ಏನಾಗುತ್ತದೆಂಬುದಕ್ಕೆ ಲೀಡ್ಸ್ ಯುನೈಟೆಡ್ ಕ್ಲಬ್ಬಿನ ಉದಾಹರಣೆಯನ್ನು ಇಂದಿಗೂ ಕೊಡುತ್ತಾರೆ. 2001ರಲ್ಲಿ ಲೀಡ್ಸ್ ತಂಡ ಚಾಂಪಿಯನ್ಸ್ ಲೀಗ್‌ನ ಸೆಮಿಫೈನಲ್ ತಲಪಿತ್ತು. ಅಧ್ಯಕ್ಷ ಪೀಟರ್ ರಿಡ್ಸ್‌ಡೇಲ್ ಅವರ ಆಡಳಿತ 2000ದ ನವೆಂಬರಿನಲ್ಲಿ ರಿಯೋ ಫರ್ಡಿನಾಂಡ್ ಎಂಬ ರಕ್ಷಣಾ ಆಟಗಾರನಿಗೆ 1.8 ಕೋಟಿ ಪೌಂಡ್ ಕೊಟ್ಟಿತ್ತು. ಮುಂದಿನ 25 ವರ್ಷಗಳ ಟಿಕೆಟ್ ಆದಾಯವನ್ನು ಆಧಾರವಾಗಿಟ್ಟು 6 ಕೋಟಿ ಪೌಂಡ್ ಸಾಲವನ್ನೂ ಎತ್ತಿತು. ಪ್ರತಿ ವರ್ಷ ಚಾಂಪಿಯನ್ಸ್ ಲೀಗ್ ಪ್ರವೇಶ ದೊರೆಯುತ್ತದೆಂಬ ಎಣಿಕೆಯ ಮೇಲೆ ಈ ಲೆಕ್ಕವೆಲ್ಲ ನಿಂತಿತ್ತು. 2001ರಲ್ಲಿ ಇಂಗ್ಲೆಂಡಿನಿಂದ ಮೊದಲ ಮೂರು ಸ್ಥಾನದವರಿಗೆ ಮಾತ್ರ ಪ್ರವೇಶ. ಲಿವರ್‌ಪೂಲ್ 69 ಅಂಕಗಳೊಂದಿಗೆ ಮೂರನೆಯದಾಯಿತು, ಲೀಡ್ಸ್ 68 ಅಂಕಗಳೊಂದಿಗೆ ನಾಲ್ಕನೆಯದಾಯಿತು. ಒಂದು ಅಂಕದ ಅಂತರ. ಮರುವರ್ಷವೂ ಪ್ರವೇಶ ತಪ್ಪಿತು. ಬಳಿಕ ಒಬ್ಬೊಬ್ಬರಾಗಿ ಆಟಗಾರರನ್ನು ಮಾರತೊಡಗಿದರೂ, 2003ರ ಜೂನ್‌ಗೆ ಮುಗಿದ ವರ್ಷದಲ್ಲಿ ತೆರಿಗೆಪೂರ್ವ ನಷ್ಟ 4.95 ಕೋಟಿ ಪೌಂಡ್ ಮುಟ್ಟಿತು. 2004ರಲ್ಲಿ ತಂಡ ಕೆಳಗಿಳಿಯಿತು, ಸ್ವಂತ ಕ್ರೀಡಾಂಗಣವನ್ನೇ ಮಾರಬೇಕಾಯಿತು. ಅಧ್ಯಕ್ಷರ ಕಚೇರಿಯ ಬಣ್ಣದ ಮೀನುಗಳಿಗೆ ತಿಂಗಳಿಗೆ 20 ಪೌಂಡ್ ಬಾಡಿಗೆ ಕೊಡಲಾಗುತ್ತಿತ್ತೆಂಬ ವಿಷಯ ಪತ್ರಿಕೆಗಳಿಗೆ ಆಗ ರಸಗವಳವಾಯಿತು. ವಾಸ್ತವದಲ್ಲಿ ಕ್ಲಬ್ಬನ್ನು ಮುಳುಗಿಸಿದ್ದು ಮೀನಿನ ಬಾಡಿಗೆಯಲ್ಲ. ಕೈಗೆ ಬಾರದ ಆದಾಯವನ್ನು ಬಂದಂತೆಯೇ ಭಾವಿಸಿ ಮಾಡಿದ ಖರ್ಚು.

ಆಟಗಾರನೆಂಬ ಆಸ್ತಿ

ಕ್ಲಬ್ಬುಗಳ ಅಢಾವೆ ಪತ್ರಿಕೆಯಲ್ಲಿ ವಿಶಿಷ್ಟವಾದ ಒಂದು ಬಾಬು ಇದೆ. ಆಟಗಾರ ಮನುಷ್ಯನಾದ್ದರಿಂದ ಅವನು ಆಸ್ತಿಯಾಗಲಾರ. ಆದರೆ ಅವನನ್ನು ತನ್ನ ಹೆಸರಿನಲ್ಲಿ ನೋಂದಾಯಿಸಿ ಆಡಿಸುವ ಹಕ್ಕು ಕ್ಲಬ್ಬಿಗೆ ಸೇರಿದ ಅಮೂರ್ತ ಆಸ್ತಿ. ಇನ್ನೊಂದು ಕ್ಲಬ್ಬಿಗೆ ವರ್ಗಾವಣೆ ಶುಲ್ಕ ತೆತ್ತು ಈ ಹಕ್ಕನ್ನು ಕೊಂಡಾಗ ಆ ಶುಲ್ಕವನ್ನು ಒಂದೇ ವರ್ಷದ ವೆಚ್ಚವೆಂದು ಬರೆಯದೆ, ಕರಾರಿನ ಅವಧಿಗೆ ಸಮನಾಗಿ ಹಂಚಿ ಸವಕಳಿ ಹಾಕಲಾಗುತ್ತದೆ. ನಮ್ಮಲ್ಲಿ ಪೇಟೆಂಟ್, ಪರವಾನಗಿ ಮೊದಲಾದವುಗಳಿಗೆ ಹಾಕುವ ಅಮಾರ್ಟೈಸೇಷನ್ ಲೆಕ್ಕವೇ ಇದು.

ಉದಾಹರಣೆಗೆ, 5 ಕೋಟಿ ಪೌಂಡ್ ಶುಲ್ಕ ಕೊಟ್ಟು ಐದು ವರ್ಷದ ಕರಾರಿನ ಮೇಲೆ ಒಬ್ಬನನ್ನು ತಂದರೆ ವರ್ಷಕ್ಕೆ 1 ಕೋಟಿ ಸವಕಳಿ. ಎರಡು ವರ್ಷಗಳ ನಂತರ ಪುಸ್ತಕ ಬೆಲೆ 3 ಕೋಟಿ. ಆಗ ಅವನನ್ನು 4 ಕೋಟಿಗೆ ಮಾರಿದರೆ, ಕೊಟ್ಟ ಬೆಲೆಗಿಂತ 1 ಕೋಟಿ ಕಡಿಮೆಗೆ ಮಾರಿದ್ದರೂ ಲಾಭ-ನಷ್ಟ ಖಾತೆಯಲ್ಲಿ ಅದೇ ವರ್ಷ 1 ಕೋಟಿ ಲಾಭ ಕಾಣುತ್ತದೆ. ಕ್ಲಬ್ಬಿನ ತರಬೇತಿ ಶಾಲೆಯಲ್ಲಿಯೇ ಬೆಳೆದ ಹುಡುಗನ ಪುಸ್ತಕ ಬೆಲೆ ಸೊನ್ನೆಯಾದ್ದರಿಂದ ಅವನನ್ನು ಮಾರಿದ ಹಣವೆಲ್ಲ ಲಾಭ. ಊರಿನ ಹುಡುಗರನ್ನೇ ಮೊದಲು ಮಾರುವ ಪ್ರವೃತ್ತಿಗೆ ಇದೂ ಒಂದು ಕಾರಣವಾಗಿದೆ. ಅಭಿಮಾನಿಗಳಿಗೆ ಅತ್ಯಂತ ಪ್ರಿಯನಾದವನೇ ಲೆಕ್ಕಿಗನಿಗೂ ಪ್ರಿಯ!

ಕರಾರಿನ ಅವಧಿಗೆ ಇಷ್ಟು ಮಹತ್ತ್ವ ಬಂದದ್ದರ ಹಿಂದೆ ಒಂದು ತೀರ್ಪಿದೆ. ಬೆಲ್ಜಿಯಂನ ಆಟಗಾರ ಜಾನ್-ಮಾರ್ಕ್ ಬೋಸ್ಮನ್ ಅವರ ಮೊಕದ್ದಮೆಯಲ್ಲಿ ಯೂರೋಪಿನ ನ್ಯಾಯಾಲಯ 1995ರ ಡಿಸೆಂಬರಿನಲ್ಲಿ, ಕರಾರು ಮುಗಿದ ಆಟಗಾರ ಒಕ್ಕೂಟದ ಇನ್ನೊಂದು ದೇಶದ ಕ್ಲಬ್ಬಿಗೆ ಹೋಗುವಾಗ ಹಳೆಯ ಕ್ಲಬ್ಬು ಶುಲ್ಕ ಕೇಳುವಂತಿಲ್ಲವೆಂದು ತೀರ್ಪಿತ್ತಿತು. ಅಂದರೆ ಕರಾರಿನ ಕೊನೆಯ ದಿನ ಆ ಆಸ್ತಿಯ ಬೆಲೆ ಶೂನ್ಯ.

ಇಂಗ್ಲೆಂಡಿನ ಡರ್ಬಿ ಕೌಂಟಿ ಕ್ಲಬ್ಬು ಎಡವಿದ್ದು ಇಲ್ಲಿಯೇ. ಅದು ಸಮಾನ ಸವಕಳಿಯನ್ನು ಬಿಟ್ಟು, ಆಟಗಾರನಿಗೆ ಮುಂದೆಯೂ ಮಾರುಕಟ್ಟೆಯಲ್ಲಿ ಇಷ್ಟು ಬೆಲೆ ಉಳಿಯುತ್ತದೆಂದು ತಾನೇ ಅಂದಾಜು ಮಾಡಿಕೊಂಡು ಆರಂಭದ ವರ್ಷಗಳಲ್ಲಿ ಕಡಿಮೆ ಸವಕಳಿ ಹಾಕಿತು. ಪರಿಣಾಮವಾಗಿ ಆ ವರ್ಷಗಳ ನಷ್ಟ ಕಡಿಮೆಯಾಗಿ ಕಂಡಿತು. ನಷ್ಟಕ್ಕೆ ಮಿತಿ ವಿಧಿಸಿದ್ದ ಲೀಗ್ ಇದನ್ನು ಪ್ರಶ್ನಿಸಿತು. ಈ ಪದ್ಧತಿ ಬ್ರಿಟನ್ನಿನ ಲೆಕ್ಕಪತ್ರ ಮಾನದಂಡಕ್ಕೆ ಅನುಗುಣವಾಗಿಲ್ಲವೆಂದು ಮೇಲ್ಮನವಿಯಲ್ಲಿ 2021ರಲ್ಲಿ ತೀರ್ಮಾನವಾಗಿ, ಹಳೆಯ ಲೆಕ್ಕಪತ್ರಗಳನ್ನು ತಿದ್ದಿ ಸಲ್ಲಿಸುವಂತೆ ಆದೇಶವಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕ್ಲಬ್ಬು ಆಡಳಿತಾಧಿಕಾರಿಗಳ ವಶಕ್ಕೆ ಹೋದದ್ದಕ್ಕೆ 12 ಅಂಕ, ನವೆಂಬರಿನಲ್ಲಿ ನಷ್ಟದ ಮಿತಿ ಮೀರಿದ್ದಕ್ಕೆ 9 ಅಂಕ, ಹೀಗೆ 21 ಅಂಕಗಳನ್ನು ಕಳೆದುಕೊಂಡು ಮೂರನೆಯ ಶ್ರೇಣಿಗೆ ಇಳಿಯಿತು. ಸವಕಳಿಯ ಪದ್ಧತಿ ಆಟದ ಅಂಕಪಟ್ಟಿಯನ್ನು ಮುಟ್ಟಿದ ಪ್ರಸಂಗವೆಂದು ಲೆಕ್ಕಪರಿಶೋಧಕರ ವಲಯದಲ್ಲಿ ಇದು ಚರ್ಚೆಗೊಳಗಾದದ್ದು ಸಹಜ.

ಅವಧಿಯನ್ನೇ ಎಳೆದು ಉದ್ದ ಮಾಡುವುದು ಇನ್ನೊಂದು ದಾರಿ. ಚೆಲ್ಸಿ ಕ್ಲಬ್ಬು 2023ರ ಆರಂಭದಲ್ಲಿ ಕೆಲವು ಆಟಗಾರರೊಡನೆ ಎಂಟೂವರೆ ವರ್ಷಗಳ ಕರಾರು ಮಾಡಿಕೊಂಡಿತು. ಶುಲ್ಕ ಅಷ್ಟೇ, ವಾರ್ಷಿಕ ಸವಕಳಿ ಮಾತ್ರ ತೆಳ್ಳಗಾಯಿತು. ಯೂರೋಪಿನ ಫುಟ್‌ಬಾಲ್ ಒಕ್ಕೂಟವಾದ ಯುಇಎಫ್ಎ ಅದೇ ವರ್ಷ, ಕರಾರು ಎಷ್ಟೇ ಉದ್ದವಿರಲಿ, ಹೊಸ ಖರೀದಿಗಳ ಸವಕಳಿಯನ್ನು ಐದು ವರ್ಷಗಳಲ್ಲೇ ಮುಗಿಸಬೇಕೆಂದು ಮಿತಿ ಹಾಕಿತು. ವರ್ಷದ ಕೊನೆಯಲ್ಲಿ ಪ್ರೀಮಿಯರ್ ಲೀಗ್ ಸಹ ಅದನ್ನೇ ಅನುಸರಿಸಿತು.

ಸವಕಳಿ ನಗದಲ್ಲ ಎಂಬುದನ್ನು ವಾಣಿಜ್ಯ ಓದಿದ ಎಲ್ಲರೂ ಬಲ್ಲರು. ಆದರೆ ವರ್ಗಾವಣೆ ಶುಲ್ಕ ನಗದು, ಸಂಬಳ ನಗದು. ಶುಲ್ಕವನ್ನು ಸಾಮಾನ್ಯವಾಗಿ ಕಂತುಗಳಲ್ಲಿ ಕೊಡುವುದರಿಂದ ಕ್ಲಬ್ಬುಗಳು ಪರಸ್ಪರ ಉದ್ರಿ ವ್ಯವಹಾರದಲ್ಲಿ ಸದಾ ಸಿಲುಕಿರುತ್ತವೆ. ಈ ಉದ್ರಿಯ ಸರಪಳಿಯೇ ಆರಂಭದಲ್ಲಿ ಹೇಳಿದ ಪಕ್ಷಪಾತದ ಮೂಲ.

ಪೂರ್ತಿ ಪಡೆಯುವವರು, ಚಿಲ್ಲರೆ ಪಡೆಯುವವರು

ಇಂಗ್ಲೆಂಡಿನ ಲೀಗ್‌ಗಳಲ್ಲಿ ಪ್ರತಿ ಕ್ಲಬ್ಬಿಗೂ ಲೀಗ್‌ನ ಒಂದು ಷೇರು ಇರುತ್ತದೆ. ಆ ಷೇರು ಇದ್ದರೆ ಮಾತ್ರ ಪಂದ್ಯಾವಳಿಯಲ್ಲಿ ಸ್ಥಾನ, ಪ್ರಸಾರದ ಹಣದಲ್ಲಿ ಪಾಲು. ದಿವಾಳಿಯಾದ ಕ್ಲಬ್ಬನ್ನು ಕೊಳ್ಳಲು ಬರುವವನಿಗೆ ಬೇಕಾದದ್ದು ಮೈದಾನದ ಹುಲ್ಲಾಗಲೀ ಕುರ್ಚಿಗಳಾಗಲೀ ಅಲ್ಲ, ಈ ಷೇರು. 'ಫುಟ್‌ಬಾಲ್ ಸಾಲದಾತರು' ಎನಿಸಿದವರ ಬಾಕಿಯನ್ನು, ಅಂದರೆ ಇತರ ಕ್ಲಬ್ಬುಗಳ ವರ್ಗಾವಣೆ ಶುಲ್ಕ, ಆಟಗಾರರ ಸಂಬಳ, ಲೀಗ್‌ಗೆ ಸಲ್ಲಬೇಕಾದ ಹಣ ಇವುಗಳನ್ನು ಪೂರ್ತಿ ಚುಕ್ತಾ ಮಾಡದ ಹೊರತು ಷೇರನ್ನು ಹೊಸಬರಿಗೆ ವರ್ಗಾಯಿಸುವುದಿಲ್ಲವೆಂಬುದು ಲೀಗ್‌ನ ನಿಲುವು. ಕಾನೂನಿನ ಪ್ರಕಾರ ಇವರು ಸಾಮಾನ್ಯ ಸಾಲದಾತರೇ. ಆದರೆ ಬಾಗಿಲಿನ ಬೀಗದ ಕೈ ಲೀಗ್‌ನಲ್ಲಿದೆ. ಪೋರ್ಟ್ಸ್‌ಮತ್ ಪ್ರಕರಣದಲ್ಲಂತೂ ಪ್ರೀಮಿಯರ್ ಲೀಗ್ ಆ ಕ್ಲಬ್ಬಿಗೆ ಕೊಡಬೇಕಿದ್ದ ಪ್ರಸಾರದ ಹಣವನ್ನು ತಡೆದು ನೇರವಾಗಿ ಇತರ ಕ್ಲಬ್ಬುಗಳಿಗೆ ಪಾವತಿಸಿತ್ತು.

ಲೀಗ್‌ಗಳ ಸಮರ್ಥನೆಯನ್ನು ಸಂಪೂರ್ಣ ತಳ್ಳಿಹಾಕುವಂತಿಲ್ಲ. ಒಂದು ಕ್ಲಬ್ಬು ಇನ್ನೊಂದರಿಂದ ಆಟಗಾರನನ್ನು ಉದ್ರಿ ತಂದು, ಅವನಿಂದಲೇ ಆ ಕ್ಲಬ್ಬನ್ನು ಸೋಲಿಸಿ, ಕೊನೆಗೆ ಹಣ ಕೊಡದೆ ಕೈಚೆಲ್ಲಿದರೆ ಸ್ಪರ್ಧೆಗೆ ಅರ್ಥವೇ ಉಳಿಯುವುದಿಲ್ಲ. ಒಬ್ಬರು ಬಿದ್ದರೆ ಸಾಲುಸಾಲಾಗಿ ಎಲ್ಲರೂ ಬೀಳುವ ಭಯವೂ ನಿಜ. ಆದರೆ ಈ ರಕ್ಷಣೆಯ ವೆಚ್ಚವನ್ನು ಭರಿಸುವವರು ಯಾರು? ಸಮವಸ್ತ್ರ ಒಗೆದು ಕೊಡುವವರು, ಊಟ ಒದಗಿಸುವವರು, ಟಿಕೆಟ್ ಮುದ್ರಿಸುವವರು. ಕ್ಲಬ್ಬುಗಳು ಒಂದಕ್ಕೊಂದು ಉದ್ರಿ ಕೊಡುವಾಗ ಎಚ್ಚರ ವಹಿಸಬೇಕಾದ ಕಾರಣವೇ ಇಲ್ಲದಂತಾಗುತ್ತದೆ ಎಂಬುದು ಇನ್ನೂ ಗಂಭೀರವಾದ ಆಕ್ಷೇಪ. ಬ್ರಿಟನ್ನಿನ ಸಂಸದೀಯ ಸಮಿತಿಯೊಂದು 2011ರಲ್ಲಿ ಈ ನಿಯಮ ತೊಲಗಬೇಕೆಂದೇ ಅಭಿಪ್ರಾಯಪಟ್ಟಿತು.

ತೆರಿಗೆ ಇಲಾಖೆಗೆ ಈ ನಿಯಮದ ಮೇಲೆ ಕೋಪವಿದ್ದುದಕ್ಕೆ ಪ್ರತ್ಯೇಕ ಕಾರಣವಿದೆ. 2003ರ ಸೆಪ್ಟೆಂಬರ್‌ವರೆಗೆ ಬ್ರಿಟನ್ನಿನ ದಿವಾಳಿ ಪ್ರಕರಣಗಳಲ್ಲಿ ಸರ್ಕಾರದ ಕೆಲವು ಬಾಕಿಗಳಿಗೆ ಆದ್ಯತೆಯಿತ್ತು. ಸಾಮಾನ್ಯ ಸಾಲದಾತರಿಗೆ ಅನುಕೂಲವಾಗಲೆಂದು ಅದನ್ನು ಬಿಟ್ಟುಕೊಡಲಾಯಿತು. ಹಾಗೆ ಬಿಟ್ಟ ಪಾಲು ಫುಟ್‌ಬಾಲ್ ಪ್ರಕರಣಗಳಲ್ಲಿ ಊರಿನ ಅಂಗಡಿಯವನಿಗೆ ಹೋಗದೆ ಆಟಗಾರರ ಮತ್ತು ಕ್ಲಬ್ಬುಗಳ ಜೇಬಿಗೆ ಹೋಯಿತೆಂಬುದು ಇಲಾಖೆಯ ವಾದ. ಪೋರ್ಟ್ಸ್‌ಮತ್ ಒಪ್ಪಂದವನ್ನು ಅದು 2010ರಲ್ಲಿ ಪ್ರಶ್ನಿಸಿ ಸೋತಿತು. ಬಳಿಕ ನಿಯಮವನ್ನೇ ಪ್ರಶ್ನಿಸಿತು. 2012ರ ಮೇ ತಿಂಗಳಲ್ಲಿ ಲಂಡನ್ನಿನ ಹೈಕೋರ್ಟ್ ಲೀಗ್‌ನ ಪರವಾಗಿ ತೀರ್ಪು ನೀಡಿತು. ಆದರೆ ಇದನ್ನು ನಿಯಮಕ್ಕೆ ಕೊಟ್ಟ ಮೆಚ್ಚುಗೆಯೆಂದು ತಿಳಿಯಬಾರದೆಂಬರ್ಥದ ಎಚ್ಚರಿಕೆಯನ್ನೂ ಸೇರಿಸಿತು. 2020ರ ಡಿಸೆಂಬರಿನಿಂದ ಮೌಲ್ಯವರ್ಧಿತ ತೆರಿಗೆ ಮತ್ತು ನೌಕರರ ಸಂಬಳದಿಂದ ಕಡಿತವಾದ ತೆರಿಗೆಯ ಮಟ್ಟಿಗೆ ಸರ್ಕಾರ ತನ್ನ ಆದ್ಯತೆಯನ್ನು ಮರಳಿ ಪಡೆದುಕೊಂಡಿತು. ಹೀಗಾಗಿ ಸಣ್ಣ ಸರಬರಾಜುದಾರನ ಮುಂದೆ ಸರದಿಯಲ್ಲಿ ನಿಲ್ಲುವವರ ಸಂಖ್ಯೆ ಇನ್ನೂ ಒಂದು ಹೆಚ್ಚಿತು. ಲೀಗ್ ತಾನೂ ಸ್ವಲ್ಪ ಸಡಿಲಿಸಿ, ಹೊಸ ಮಾಲೀಕ ಸಾಮಾನ್ಯ ಸಾಲದಾತರಿಗೆ ಪೌಂಡಿಗೆ ಕನಿಷ್ಠ 25 ಪೆನ್ನಿಯನ್ನಾದರೂ ಕೊಡದಿದ್ದರೆ, ಅಥವಾ ಮೂರು ವರ್ಷಗಳಲ್ಲಿ 35 ಪೆನ್ನಿ ಕೊಡಲು ಒಪ್ಪದಿದ್ದರೆ, ಇನ್ನೂ 15 ಅಂಕಗಳ ಕಡಿತವೆಂಬ ನೀತಿಯನ್ನು ತಂದಿದೆ.

ತೆರಿಗೆ ಇಲಾಖೆಯೇ ಅತಿ ದೊಡ್ಡ ಸಾಲದಾತನಾದರೆ ಕಥೆ ಬೇರೆಯಾಗುತ್ತದೆ. ಸ್ಕಾಟ್ಲೆಂಡಿನ ರೇಂಜರ್ಸ್ ಪ್ರಕರಣದಲ್ಲಿ ಇಲಾಖೆ 2012ರ ಜೂನ್‌ನಲ್ಲಿ ರಾಜಿ ಪ್ರಸ್ತಾಪವನ್ನು ತಿರಸ್ಕರಿಸಿತು. ಹಳೆಯ ಕಂಪನಿ ಸಮಾಪನೆಗೊಂಡಿತು. ಅದರ ಸ್ವತ್ತುಗಳನ್ನು 55 ಲಕ್ಷ ಪೌಂಡಿಗೆ ಕೊಂಡ ಹೊಸ ಕಂಪನಿ ದೇಶದ ನಾಲ್ಕನೆಯ ಶ್ರೇಣಿಯಿಂದ ಆಟ ಆರಂಭಿಸಬೇಕಾಯಿತು. 1885ರಲ್ಲಿ ಸ್ಥಾಪನೆಯಾಗಿ ಎರಡು ಬಾರಿ ಎಫ್.ಎ. ಕಪ್ ಗೆದ್ದಿದ್ದ ಬರಿ ಕ್ಲಬ್ಬಿಗೆ ಅಷ್ಟೂ ಅದೃಷ್ಟವಿರಲಿಲ್ಲ. ಹಣಕಾಸಿನ ಭರವಸೆ ಒದಗಿಸಲಾಗದೆ 2019ರ ಆಗಸ್ಟಿನಲ್ಲಿ ಲೀಗ್‌ನಿಂದಲೇ ಹೊರಬಿತ್ತು.

ನಮ್ಮ 2016ರ ದಿವಾಳಿ ಸಂಹಿತೆಯ 53ನೆಯ ಪ್ರಕರಣವನ್ನು ಬಲ್ಲವರಿಗೆ ಸರದಿಯ ಈ ಮಾತು ಹೊಸದೇನಲ್ಲ. ಭದ್ರತೆಯುಳ್ಳ ಸಾಲದಾತರು, ಕಾರ್ಮಿಕರು, ಇತರ ನೌಕರರು ಮೊದಲಾದವರ ಪಾಲು ಮುಗಿದ ಮೇಲೆಯೇ ಸರಕು ಪೂರೈಸಿದ ವ್ಯಾಪಾರಿಯ ಸರದಿ. ವ್ಯತ್ಯಾಸವಿಷ್ಟೆ: ಇಲ್ಲಿ ಸರದಿಯನ್ನು ಗೊತ್ತು ಮಾಡಿರುವುದು ಸಂಸತ್ತು, ಅಲ್ಲಿ ಫುಟ್‌ಬಾಲ್ ಸಾಲದಾತರನ್ನು ಮುಂದಕ್ಕೆ ತಂದಿರುವುದು ಆ ಸಾಲದಾತರೇ ಸದಸ್ಯರಾಗಿರುವ ಒಂದು ಸಂಘ.

ಇತರ ದೇಶಗಳ ದಾರಿ

ಜರ್ಮನಿಯಲ್ಲಿ ಕ್ಲಬ್ಬಿನ ಸದಸ್ಯರ ಸಂಘಕ್ಕೆ ಮತಾಧಿಕಾರದಲ್ಲಿ ಶೇಕಡ 50ಕ್ಕಿಂತ ಒಂದು ಮತ ಹೆಚ್ಚಿರಬೇಕೆಂಬ ನಿಯಮವಿದೆ, ಕೆಲವು ವಿನಾಯಿತಿಗಳೊಂದಿಗೆ. ಅದಕ್ಕಿಂತ ಪರಿಣಾಮಕಾರಿಯಾದದ್ದು ಅಲ್ಲಿನ ವಾರ್ಷಿಕ ಪರವಾನಗಿ ಪದ್ಧತಿ. ಮುಂದಿನ ಋತುವಿನ ಖರ್ಚಿಗೆ ನಗದು ಇದೆಯೆಂದು ಆರಂಭಕ್ಕೆ ಮೊದಲೇ ತೋರಿಸಬೇಕು. ರೋಗ ಬಂದ ಮೇಲೆ ಅಂಕ ಕಡಿಯುವುದಕ್ಕಿಂತ ಇದು ಮೇಲು.

ಸದಸ್ಯರ ಒಡೆತನವೊಂದೇ ಶಿಸ್ತನ್ನು ತರುತ್ತದೆ ಎನ್ನಲಾಗದು. ಸ್ಪೇನಿನ ಬಾರ್ಸಿಲೋನ ಸದಸ್ಯರದೇ ಕ್ಲಬ್ಬು. ಲೀಗ್ ವಿಧಿಸಿದ ವೆಚ್ಚದ ಮಿತಿಯಲ್ಲಿ ಹೊಸ ಕರಾರು ಕೂರದೆ 2021ರಲ್ಲಿ ಲಿಯೊನೆಲ್ ಮೆಸ್ಸಿಯನ್ನೇ ಅದು ಬಿಟ್ಟುಕೊಡಬೇಕಾಯಿತು. ಮರುವರ್ಷ ತನ್ನ ದೇಶೀಯ ಲೀಗ್ ಪ್ರಸಾರ ಆದಾಯದ ಶೇಕಡ 25ನ್ನು 25 ವರ್ಷಗಳ ಅವಧಿಗೆ ಅಮೆರಿಕದ ಹೂಡಿಕೆ ಸಂಸ್ಥೆಯೊಂದಕ್ಕೆ ಮಾರಿ ನಗದು ಪಡೆಯಿತು. ಲೀಡ್ಸ್ ಸಾಲವೆಂದು ಪಡೆದುದನ್ನು ಇದು ಮಾರಾಟದ ಲಾಭವೆಂದು ತೋರಿಸಿತು. ಈ ಬಗೆಯ ಲಾಭವನ್ನು ತಪ್ಪಾಗಿ ವರದಿ ಮಾಡಿದ್ದಕ್ಕೆ ಯುಇಎಫ್ಎ 2023ರಲ್ಲಿ ಕ್ಲಬ್ಬಿಗೆ 5 ಲಕ್ಷ ಯೂರೋ ದಂಡ ವಿಧಿಸಿತು.

ಕೆಳಗಿಳಿಯುವ ಭಯವನ್ನೇ ತೆಗೆದುಹಾಕಿದರೆ ಹೇಗೆ? ಅಮೆರಿಕದ ಮೇಜರ್ ಲೀಗ್ ಸಾಕರ್ ಮತ್ತು 2014ರಲ್ಲಿ ಆರಂಭವಾದ ನಮ್ಮ ಇಂಡಿಯನ್ ಸೂಪರ್ ಲೀಗ್ ಹಿಡಿದದ್ದು ಈ ದಾರಿ. ಆದರೆ ಅಪಾಯ ಬೇರೆ ಬಾಗಿಲಿನಿಂದ ಬರಬಹುದು. ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ 2010ರಲ್ಲಿ ಮಾಡಿಕೊಂಡಿದ್ದ ವಾಣಿಜ್ಯ ಹಕ್ಕುಗಳ ಒಪ್ಪಂದ 2025ರ ಡಿಸೆಂಬರಿಗೆ ಮುಗಿಯಲಿತ್ತು. ಅದರ ನವೀಕರಣ ಸ್ಪಷ್ಟವಾಗದೆ 2025ರ ಜುಲೈನಲ್ಲಿ ಮುಂದಿನ ಋತುವನ್ನು ತಡೆಹಿಡಿಯಲಾಯಿತು. ಕಂಠೀರವ ಕ್ರೀಡಾಂಗಣದಲ್ಲಿ ಆಡುವ ಬೆಂಗಳೂರು ಎಫ್.ಸಿ. ಆಗಸ್ಟಿನಲ್ಲಿ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟ ಅವಧಿಗೆ ಸ್ಥಗಿತಗೊಳಿಸುವುದಾಗಿ ಪ್ರಕಟಿಸಿತು. ಇಡೀ ಉದ್ಯಮದ ಆದಾಯ ಒಂದೇ ಒಪ್ಪಂದವನ್ನು ನೆಚ್ಚಿದ್ದರೆ, ಆ ಒಪ್ಪಂದದ ಕೊನೆಯ ದಿನಾಂಕವನ್ನು ಸರಬರಾಜುದಾರನೂ ತನ್ನ ಡೈರಿಯಲ್ಲಿ ಗುರುತಿಸಿಕೊಳ್ಳಬೇಕಾಗುತ್ತದೆ.

ಇಂಗ್ಲೆಂಡ್ ಈಗ ಜರ್ಮನಿಯ ದಾರಿಗೆ ಹತ್ತಿರವಾಗುತ್ತಿದೆ. 2025ರ ಜುಲೈನಲ್ಲಿ ಅಂಗೀಕೃತವಾದ ಫುಟ್‌ಬಾಲ್ ಆಡಳಿತ ಕಾಯಿದೆ ಒಂದು ಸ್ವತಂತ್ರ ನಿಯಂತ್ರಣ ಸಂಸ್ಥೆಯನ್ನು ರಚಿಸಿ, ಮೇಲಿನ ಐದು ಶ್ರೇಣಿಗಳ ಕ್ಲಬ್ಬುಗಳಿಗೆ ಪರವಾನಗಿಯನ್ನೂ ಹಣಕಾಸು ಯೋಜನೆಯ ಸಲ್ಲಿಕೆಯನ್ನೂ ಕಡ್ಡಾಯಗೊಳಿಸುತ್ತದೆ.

ಪೋರ್ಟ್ಸ್‌ಮತ್ 2012ರಲ್ಲಿ ಎರಡನೆಯ ಬಾರಿ ಆಡಳಿತಾಧಿಕಾರಿಗಳ ವಶಕ್ಕೆ ಹೋಗಿ, ನಾಲ್ಕನೆಯ ಶ್ರೇಣಿಯವರೆಗೂ ಕುಸಿಯಿತು. ಕೊನೆಗೆ 2013ರ ಏಪ್ರಿಲ್‌ನಲ್ಲಿ ಅದನ್ನು ಕೊಂಡವರು ಅಭಿಮಾನಿಗಳು. ತಲಾ 1,000 ಪೌಂಡ್ ಕೊಟ್ಟು ಷೇರು ಪಡೆದವರು. 2014ರಲ್ಲಿ ಕ್ಲಬ್ಬು ಋಣಮುಕ್ತವಾಯಿತೆಂದು ಅವರ ಆಡಳಿತ ಪ್ರಕಟಿಸಿತು. ಅವರು ತೀರಿಸಿದ ಹಳೆಯ ಬಾಕಿಗಳಲ್ಲಿ ಕ್ಲಬ್ಬನ್ನು ಬಿಟ್ಟು ಎಂದೋ ಹೋಗಿದ್ದ ಆಟಗಾರರ ಸಂಬಳವೂ ಸೇರಿತ್ತು.